ಮುಖ್ಯ ಅತಿಥಿಯ ಮೊಣಕೈ

ನನ್ನ ತಂಗಿಯ ಮಗಳು ಫಿಸಿಯೋಥೆರಪಿ ಓದು ಮುಗಿಸಿ ದುಬೈಗೆ ಹೊರಟಿದ್ದಾಳೆ. ಮೊನ್ನೆ ಫೋನ್ ಮಾಡಿ, "ದೊಡ್ಡವ್ವಾ, ಹೋಗೂಕಿಂತ ಮೊದಲ ಏನೇನು ಓದಿಕೊಳ್ಳಲಿ?" ಎಂದು ಕೇಳಿದಳು. ಎಲುಬು, ಸ್ನಾಯು, ನರಗಳನ್ನೆಲ್ಲ ಅವಳು ನನಗಿಂತ ಚೆನ್ನಾಗಿ ಓದಿದ್ದಾಳೆ. ನಾನು ಓದುವ ಕಾಲಕ್ಕೆ ಹುಟ್ಟಿಯೇ ಇರದ ಎಷ್ಟೋ ಸಂಗತಿಗಳು ಅವಳ ನಾಲಿಗೆಯ ತುದಿಯಲ್ಲಿವೆ. ಹಾಗಾಗಿ ಓದಿನ ಮಾತು ಬಿಟ್ಟು, "ಪೇಶಂಟ್ ಬಂದ ಕೂಡಲೇ, ರಜಾ ದಿವಸ ಏನ್ ಮಾಡ್ತೀರಿ ಅಂತ ಕೇಳು. ಉಳಿದದ್ದು ತಾನ ಬರ್ತೈತಿ" ಎಂದೆ. ಅವಳು ನಕ್ಕು ಫೋನ್ ಇಟ್ಟಳು. ನಗಲಿ ಬಿಡಿ. ನನಗೆ ಈ ಪಾಠ ತಲೆಗೆ ಹತ್ತಲು ಒಬ್ಬ ಅಡುಗೆಯವನ ಭುಜ ಮತ್ತು ಒಬ್ಬ ಆಟಗಾರನ ಮೊಣಕೈ ಎರಡೂ ಬೇಕಾದವು. ಅವಳಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಹಾಗೆ ಹೊರಟಿರುವ ಉಳಿದ ಹುಡುಗ ಹುಡುಗಿಯರೂ ಓದಿಕೊಳ್ಳಬಹುದು.

ನಾನು ಗದಗಿನವಳು. ಯಜಮಾನರ ಕೆಲಸದ ಬೆನ್ನು ಹತ್ತಿ ದುಬೈ ಸೇರಿದೆ. ಅಲ್ ಮುರಕ್ಕಬಾತ್ ಎಂಬ ಬಡಾವಣೆಯಲ್ಲಿ, ಕೆಳಗೆ ಸುಟ್ಟ ಮಾಂಸದ ಅಂಗಡಿ, ಮೇಲೆ ಹಲ್ಲಿನ ಡಾಕ್ಟರು, ನಡುವೆ ನಮ್ಮ ಕ್ಲಿನಿಕ್. ಬೆಳಿಗ್ಗೆ ಹನ್ನೊಂದಾದರೆ ಸಾಕು, ಕೆಳಗಿನ ಹೊಗೆ ಏಸಿಯೊಳಗಿಂದ ಮೇಲೆ ಬಂದು ಬೆನ್ನುನೋವಿನವರಿಗೆಲ್ಲ ಹಸಿವು ಹುಟ್ಟಿಸುತ್ತಿತ್ತು. ಪರದೆ ಎಳೆದು ಪಾಲು ಮಾಡಿದ ಆರು ಮಂಚ, ಕುತ್ತಿಗೆ ಎಳೆಯುವ ಯಂತ್ರ, ಕಾಯಿಸಿದ ಮೇಣದ ತೊಟ್ಟಿ, ಕರೆಂಟಿನ ಡಬ್ಬಿಗಳು. ಶುರುವಿನಲ್ಲಿ ನಮ್ಮ ಕೆಲಸವೆಂದರೆ ಇವುಗಳ ಗುಂಡಿ ಒತ್ತುವುದು, ಟೈಮರ್ ಟಿಣ್ ಎಂದಾಗ ಹೋಗಿ ಬಿಚ್ಚುವುದು, ಅಷ್ಟೆ. ಪೇಶಂಟುಗಳಿಗೂ ಅದೇ ಇಷ್ಟ. ಡಬ್ಬಿ ಎಷ್ಟು ದೊಡ್ಡದೋ ಚಿಕಿತ್ಸೆ ಅಷ್ಟು ಘನವಾದದ್ದು ಎಂದು ಅವರ ಲೆಕ್ಕ.

ಈ ಡಬ್ಬಿಗಳ ಮೇಲೆ ಬಟ್ಟೆ ಹೊದಿಸಿದವರು ನಮ್ಮ ದೊಡ್ಡ ಡಾಕ್ಟರು ಹಾತಿಂ. ಈಜಿಪ್ಟಿನವರು, ಎತ್ತರದ ದನಿ, ಸಿಟ್ಟು ಬಂದರೆ ಕನ್ನಡಕ ತೆಗೆದು ನಮ್ಮ ಕೈಗೆ ಕೊಟ್ಟು ಬಯ್ಯುತ್ತಿದ್ದರು. "ಮೊದಲು ಕೇಳಿ, ಆಮೇಲೆ ಮುಟ್ಟಿ, ಯಂತ್ರ ಕೊನೆಗೆ" ಎನ್ನುವುದು ಅವರ ಮಂತ್ರ. ನಾವೆಲ್ಲ ಹಿಂದಿನಿಂದ ಗೊಣಗಿದೆವು. ಕೇಳುತ್ತ ಕೂತರೆ ಸಾಲು ಮುಗಿಯುವುದು ಯಾವಾಗ?

ಆಗ ಬಂದವನು ಒಬ್ಬ ಅಡುಗೆಯವ. ಬಲಭುಜ ಮೇಲೆತ್ತಲು ಬರುವುದಿಲ್ಲ ಎಂದ. ಹೋಟೆಲಿನಲ್ಲಿ ದೊಡ್ಡ ಕಡಾಯಿ ಕೈಯಾಡಿಸುತ್ತಾನೆ, ಅದರದೇ ನೋವು ಎಂದು ನಾನು ತೀರ್ಮಾನ ಮಾಡಿದೆ. ವಾರಗಟ್ಟಲೆ ಶಾಖ, ಕರೆಂಟು, ವ್ಯಾಯಾಮ. ಗುರುವಾರ ನಗುತ್ತ ಹೋಗುವವನು ಭಾನುವಾರ ಅಳುತ್ತ ಬರುತ್ತಿದ್ದ. ಕೊನೆಗೆ ಡಾಕ್ಟರ್ ಹಾತಿಂ ಬಂದು, "ಶುಕ್ರವಾರ ಏನು ಮಾಡುತ್ತೀಯಪ್ಪಾ?" ಎಂದು ಕೇಳಿದರು. ರಜೆಯ ದಿನ ತನ್ನ ಬಿಲ್ಡಿಂಗಿನವರಿಗೆಲ್ಲ ಅವನೇ ಕ್ಷೌರ ಮಾಡುತ್ತಿದ್ದ! ಬೆಳಿಗ್ಗೆಯಿಂದ ಸಂಜೆಯವರೆಗೆ ಕತ್ತರಿ ಹಿಡಿದು ಕೈ ಎತ್ತಿಕೊಂಡೇ ನಿಲ್ಲುವುದು. ತಾನು ಕೂರಲು ಎತ್ತರದ ಸ್ಟೂಲ್ ಒಂದನ್ನು ತರಿಸಿಕೊಂಡು, ಗಿರಾಕಿಯನ್ನು ಕೆಳಗೆ ಕೂರಿಸಿದ ಮೇಲೆ ಭುಜ ನೆಟ್ಟಗಾಯಿತು. ಡಾಕ್ಟರು ಕನ್ನಡಕವನ್ನು ನನ್ನ ಕೈಗೆ ಕೊಟ್ಟು ಬೈದದ್ದು ಮಾತ್ರ ಕಿವಿಯಲ್ಲಿ ಉಳಿಯಿತು. ಆಗ ದುಬೈಯಲ್ಲಿ ವಾರದ ರಜೆ ಶುಕ್ರವಾರ. ಈಗ ಶನಿವಾರ, ಭಾನುವಾರಕ್ಕೆ ಸರಿದಿದೆಯಂತೆ. ಯಾವ ವಾರವಾದರೂ ಇರಲಿ, ಮನುಷ್ಯ ತನ್ನ ಮೈಯನ್ನು ನಿಜವಾಗಿ ಹಾಳು ಮಾಡಿಕೊಳ್ಳುವುದು ರಜೆಯಲ್ಲೇ.

ಇಷ್ಟೆಲ್ಲ ಆದ ಮೇಲೂ ಜೋಯೆಲ್ ಬಂದಾಗ ನಾನು ಶುಕ್ರವಾರದ ಪ್ರಶ್ನೆ ಕೇಳಲಿಲ್ಲ.

ಜೋಯೆಲ್‌ಗೆ ಆಗ ಇಪ್ಪತ್ತರ ಪ್ರಾಯ. ಮಂಗಳೂರು ಕಡೆಯ ಕ್ರೈಸ್ತ ಕುಟುಂಬ, ಮನೆ ಮಿರ್ದಿಫ್‌ನಲ್ಲಿ. ತಾಯಿ ಐರಿನ್ ಒಂದು ಅಮೆರಿಕನ್ ಶಾಲೆಯಲ್ಲಿ ಟೀಚರ್, ಮಗ ಓದಿದ್ದೂ ಅಲ್ಲೇ. ಅಲ್ಲಿಯ ಮಕ್ಕಳು ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಆಡುತ್ತಾರೆ, ಹಾಗಾಗಿ ಇವನಿಗೂ ಅದೇ ಹುಚ್ಚು. ಈಗ ಕಾಲೇಜಿನಲ್ಲಿದ್ದುಕೊಂಡು ದೊಡ್ಡವರ ಕ್ಲಬ್ಬಿಗೆ ಆಡುತ್ತಿದ್ದ. ಅವನು ಪಿಚರ್. ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ, ಆದರೆ ಓಡಿ ಬರುವುದಿಲ್ಲ. ಸಣ್ಣದೊಂದು ಮಣ್ಣಿನ ದಿಬ್ಬದ ಮೇಲೆ ನಿಂತು, ಕಾಲೆತ್ತಿ, ಮೊಣಕೈ ಮಡಿಸಿ, ಚಾಟಿ ಬೀಸಿದ ಹಾಗೆ ಚೆಂಡು ಎಸೆಯುತ್ತಾನೆ.

ಇದು ಯಾವುದೂ ನನಗೆ ಮೊದಲ ದಿನ ಗೊತ್ತಿರಲಿಲ್ಲ. ಮೊಣಕೈ ನೋವೆಂದು ಬಂದವನನ್ನು ಬೌಲರ್ ಎಂದುಕೊಂಡು ಭುಜಕ್ಕೆ ವ್ಯಾಯಾಮ ಕೊಟ್ಟೆ. ಕೈ ನೆಟ್ಟಗೆ ಇಟ್ಟುಕೊಂಡೇ ತಿರುಗಿಸಬೇಕು ಎಂದು ತಾಕೀತು ಮಾಡಿದೆ. ಜೋಯೆಲ್ ಬಹಳ ವಿನಯದಿಂದ ಎಲ್ಲ ಮಾಡಿ, ಕೊನೆಗೆ, "ಆಂಟಿ, ಹೀಗೆ ಎಸೆದ್ರೆ ಬಾಲ್ ಶಾರ್ಜಾಕ್ಕೆ ಹೋಗ್ತದೆ" ಎಂದ. ಅವನ ಕನ್ನಡ ಬೇಸಿಗೆ ರಜೆಯಲ್ಲಿ ಅಜ್ಜಿ ಕಲಿಸಿದ್ದು, ನಡುನಡುವೆ ಇಂಗ್ಲಿಷ್.

ಅವನ ಕೋಚ್ ವಾಲ್ಟರ್ ಮರುದಿನವೇ ಬಂದರು. ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅಮೆರಿಕದವರು, ಬಿಡುವಿನಲ್ಲಿ ಕೋಚಿಂಗ್. ಅವರ ಬಾಯಲ್ಲಿ ಯಾವಾಗಲೂ ಸೂರ್ಯಕಾಂತಿ ಬೀಜ. ನಮ್ಮ ಕಡೆ ಎಣ್ಣೆ ತೆಗೆಯುವ ಬೀಜವನ್ನು ಈ ಮನುಷ್ಯ ದನ ಮೆಲುಕು ಹಾಕಿದ ಹಾಗೆ ತಿನ್ನುವುದು ನೋಡಿ ನನಗೆ ಮಾತು ಮರೆತುಹೋಯಿತು. ಅವರು ಬಂದದ್ದು ಒಂದೇ ಪ್ರಶ್ನೆ ಹಿಡಿದುಕೊಂಡು.

"ಇವನಷ್ಟು ಒಳ್ಳೆಯ ಕೈ ನಾನು ಈ ದೇಶದಲ್ಲಿ ನೋಡಿಲ್ಲ. ಆದರೆ ಇವನು ಒಂದು ಸೀಸನ್ನನ್ನೂ ಪೂರ್ತಿ ಆಡಿಲ್ಲ. ಹೋದ ಸಲ ಕಾಲಿನ ಹಿಂದಿನ ಸ್ನಾಯು, ಅದಕ್ಕೂ ಮುಂಚೆ ಬೆರಳು, ಅದಕ್ಕೂ ಮುಂಚೆ ಪಾದದ ಗಂಟು. ಈಗ ಮೊಣಕೈ. ಇನ್ನೊಬ್ಬ ಪಿಚರ್ ಸಿಗುತ್ತಾನೆ, ಅಷ್ಟು ಒಳ್ಳೆಯವನಲ್ಲ, ಆದರೆ ಗಟ್ಟಿ. ಮೊದಲನೆಯ ಜಾಗ ಯಾರಿಗೆ ಕೊಡಲಿ? ಇವನು ಈ ಸೀಸನ್ ಮುಗಿಸುತ್ತಾನಾ?"

"ಸ್ವಲ್ಪ ಕಾಲ ಕೊಡಿ, ಹೇಳುತ್ತೇನೆ" ಎಂದೆ. ಅವರು ಹೋದ ಮೇಲೆ ಜೋಯೆಲ್ ಮೊಣಕೈ ಹಿಡಿದುಕೊಂಡು ಮಂಚದ ಅಂಚಿಗೆ ಕೂತೇ ಇದ್ದ. "ಆಂಟಿ, ಗೆಲ್ಲದಿದ್ರೂ ಪರವಾಗಿಲ್ಲ. ಕಡೇ ಮ್ಯಾಚಲ್ಲಿ ನಾನು ಆ ದಿಬ್ಬದ ಮೇಲೆ ನಿಲ್ಬೇಕು. ಒಮ್ಮೆ. ಇಷ್ಟರವರೆಗೆ ಫೈನಲ್ ಎಲ್ಲ ನಾನು ಬ್ಯಾಂಡೇಜ್ ಹಾಕಿಕೊಂಡೇ ನೋಡಿದ್ದು" ಎಂದ. ಇವನನ್ನು ಆಡಿಸಿಯೇ ಸೈ ಎಂದು ಅಲ್ಲೇ ಹಟ ಹಿಡಿದೆ. ನನ್ನ ಹಟ ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು.

ಹಟವೊಂದೇ ಸಾಲದು. ಮೊಣಕೈ ಒಂದು ವಾರ ಸುಧಾರಿಸುವುದು, ಮುಂದಿನ ವಾರ ಮತ್ತೆ ಊದುವುದು. ಹಳೆಯ ಎಕ್ಸ್‌ರೇ ನೋಡಿದೆ, ಮೂಳೆಯಲ್ಲಿ ಏನೂ ಇಲ್ಲ. ಊಟ ಕೇಳಿದೆ, ನಿದ್ದೆ ಕೇಳಿದೆ, ಬೂಟು ತರಿಸಿ ಅಡಿ ನೋಡಿದೆ. ಐರಿನ್ ಅಂತೂ ಇದೆಲ್ಲ ಕಣ್ಣುದೃಷ್ಟಿ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದರು. ಮಿರ್ದಿಫ್‌ನ ಮನೆಯಲ್ಲಿ ಹೊಗೆಯ ಅಲಾರಂ ಹೊಡೆದುಕೊಂಡು, ವಾಚ್‌ಮನ್ ಓಡಿ ಬಂದನಂತೆ.

ಒಂದು ಭಾನುವಾರ ಜೋಯೆಲ್ ಬಂದಾಗ ಅವನ ಎರಡೂ ಅಂಗೈ ಸುಲಿದಿದ್ದವು. ಅಡ್ಡಕ್ಕೆ ಕೆಂಪು ಬರೆಗಳು.

"ಇದೇನಪಾ ಇದು?"

"ಜಿಮ್, ಆಂಟಿ."

ಜಿಮ್ಮಿನಲ್ಲಿ ಹಾಗೆ ಸುಲಿಯುವುದಿಲ್ಲ. ಚೆಂಡಿನಿಂದಲೂ ಇಲ್ಲ. ಆದರೆ ಸಾಲಿನಲ್ಲಿ ಜನ ಕಾಯುತ್ತಿದ್ದರು, ಅವನ ಮೊಣಕೈಗೆ ಕರೆಂಟಿನ ಪಟ್ಟಿ ಅಂಟಿಸಿ, ಪರದೆ ಎಳೆದು, ಪಕ್ಕದ ಮಂಚಕ್ಕೆ ಹೋದೆ.

ಪಕ್ಕದ ಮಂಚದಲ್ಲಿ ಫ್ರೆಡ್ಡಿ. ಒಂದು ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುವವರು, ಐವತ್ತು ದಾಟಿದವರು, ಕುತ್ತಿಗೆ ನೋವಿನ ನನ್ನ ಕಾಯಂ ಪೇಶಂಟ್. ಜೊತೆಗೆ ತಮ್ಮ ಊರಿನ ಇಗರ್ಜಿಯ, ಅಂದರೆ ಚರ್ಚಿನ, ಸಂಘದ ಕಾರ್ಯದರ್ಶಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಗದಗಿನವರು ನಾಲ್ಕು ಮಂದಿ ಸೇರಿದರೆ ರೊಟ್ಟಿ ಉಣ್ಣುತ್ತೇವೆ. ಮಂಗಳೂರಿನವರು ನಾಲ್ಕು ಮಂದಿ ಸೇರಿದರೆ ಸಂಘ ಕಟ್ಟುತ್ತಾರೆ. ಒಂದೊಂದು ಊರಿನ ಇಗರ್ಜಿಗೂ ದುಬೈಯಲ್ಲಿ ಒಂದೊಂದು ಸಂಘ. ಚಳಿಗಾಲ ಬಂತೆಂದರೆ ಪ್ರತಿ ಶುಕ್ರವಾರ ಒಬ್ಬರದಲ್ಲ ಒಬ್ಬರದು ಕ್ರೀಡಾಕೂಟ. ವಾಲಿಬಾಲ್, ಕ್ರಿಕೆಟ್, ಹಗ್ಗಜಗ್ಗಾಟ. ಇದರಲ್ಲಿ ಸೋತರೆ ಮುಂದಿನ ವರ್ಷದವರೆಗೂ ತಲೆ ಎತ್ತುವಂತಿಲ್ಲ.

ಕುತ್ತಿಗೆಗೆ ಪಟ್ಟಿ ಹಾಕಿಸಿಕೊಂಡು ಯಂತ್ರಕ್ಕೆ ನೇತುಬಿದ್ದಿದ್ದರೂ ಫ್ರೆಡ್ಡಿಯ ಬಾಯಿಗೆ ಬಿಡುವಿಲ್ಲ. "ಮೊನ್ನೆ ಹಗ್ಗ ನಮಗೇ ಬಂತು ಡಾಕ್ಟ್ರೇ! ನಮ್ಮ ಹುಡುಗ ಒಬ್ಬ ಉಂಟು, ಕಡೆಯಲ್ಲಿ ನಿಲ್ಲಿಸಿದ್ರೆ ಕಂಬದ ಹಾಗೆ. ವಾಲಿಬಾಲಿಗೆ ಹಾಕಿದ್ರೆ ಆಚೆಯವರು ಬಾಲ್ ನೋಡುವ ಮೊದ್ಲೇ ಪಾಯಿಂಟ್. ಅವನ ಅಪ್ಪ ನಮ್ಮ ಊರಿನವ, ಹಾಗೆ ನಮ್ಮ ಸಂಘಕ್ಕೆ ಆಡ್ತಾನೆ. ಅಮ್ಮನ ಊರಿನವರೂ ಬಿಡುದಿಲ್ಲ, ಅವರಿಗೂ ಆಡ್ತಾನೆ. ಅಜ್ಜಿಯ ಊರಿನವರು ಕ್ರಿಕೆಟಿಗೆ ಕರ್ಕೊಂಡು ಹೋಗ್ತಾರೆ. ಒಳ್ಳೆ ಹುಡುಗ ಮಾರಾಯ್ರೆ, ಯಾರಿಗೂ ಇಲ್ಲ ಅನ್ನುದಿಲ್ಲ."

ಹಾಗೆನ್ನುತ್ತ ಗೆದ್ದ ಗುರುತು ತೋರಿಸಲು ಎರಡೂ ಅಂಗೈ ಬಿಚ್ಚಿದರು. ಅಡ್ಡಕ್ಕೆ ಕೆಂಪು ಬರೆಗಳು.

ಒಬ್ಬ ಪೇಶಂಟಿನ ಮಾತು ಇನ್ನೊಬ್ಬರಿಗೆ ಹೇಳಬಾರದು ಎಂಬ ನಿಯಮವಿದೆ. ಅದನ್ನು ನಾನು ಇಡೀ ಕೆಲಸದಲ್ಲಿ ಮುರಿದಿಲ್ಲ. ಅವತ್ತು ಮುರಿಯುವ ಪ್ರಸಂಗವೇ ಬರಲಿಲ್ಲ. ಪರದೆ ತಾನಾಗಿ ಸರಿದು, ಕರೆಂಟಿನ ತಂತಿ ನೇತಾಡುವ ಮೊಣಕೈ ಸಮೇತ ಜೋಯೆಲ್‌ನ ಮುಖ ಹೊರಬಂತು.

"ಫ್ರೆಡ್ಡಿ ಅಂಕಲ್, ಪ್ಲೀಸ್, ಸ್ಟಾಪ್."

ಫ್ರೆಡ್ಡಿಗೆ ತಿರುಗಿ ನೋಡಲು ಯಂತ್ರ ಬಿಡಲಿಲ್ಲ. ಮಾಡಿನ ಕಡೆಗೇ ನೋಡುತ್ತ, "ಯಾರು, ಜೋಯೆಲಾ? ನೀನು ಇಲ್ಲಿ ಎಂತ ಮಾಡ್ತಾ ಇದ್ದಿ?" ಎಂದರು.

ನಾನು ನಕ್ಕೆನೋ ಸಿಟ್ಟು ಮಾಡಿದೆನೋ ಈಗ ನೆನಪಿಲ್ಲ. ಎರಡನ್ನೂ ಮಾಡಿರಬೇಕು. ವಾರವೆಲ್ಲ ನಾನು ಕಟ್ಟಿದ್ದನ್ನು ಇವರು ಶುಕ್ರವಾರ ಕೆಡವುತ್ತಿದ್ದರು. ಬೆರಳು ವಾಲಿಬಾಲಿನಲ್ಲಿ, ಪಾದದ ಗಂಟು ಕ್ರಿಕೆಟಿನಲ್ಲಿ, ಕಾಲಿನ ಸ್ನಾಯು ಹಗ್ಗದಲ್ಲಿ. ಹುಡುಗನ ಮೈಯಲ್ಲಿ ದೋಷವೇ ಇರಲಿಲ್ಲ. ದೋಷ ಇದ್ದದ್ದು ಅವನಿಗಿದ್ದ ಊರುಗಳ ಸಂಖ್ಯೆಯಲ್ಲಿ.

ಫ್ರೆಡ್ಡಿಯನ್ನು ಕಳಿಸಿ ಜೋಯೆಲ್‌ನನ್ನು ಕೂರಿಸಿಕೊಂಡೆ. "ಆಗೂದಿಲ್ಲ ಅಂತ ಒಂದ ಮಾತು ಹೇಳಾಕ ನಿನಗ ಏನು ಧಾಡಿ?" ಎಂದು ಬೈದೆ. ಅವನು ಮೊಣಕೈಯ ಕರೆಂಟಿನ ಪಟ್ಟಿಯನ್ನು ತಾನೇ ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಹೇಳಿದ. ಅವನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತಂದೆ ಹೃದಯಾಘಾತದಿಂದ ತೀರಿಕೊಂಡರು. ಮಣ್ಣು ಊರಿನಲ್ಲೇ ಆಗಬೇಕೆಂದು ಪೆಟ್ಟಿಗೆ ಕಳಿಸಲು ಕಚೇರಿಯಿಂದ ಕಚೇರಿಗೆ ಓಡಾಡಿದವರು ಫ್ರೆಡ್ಡಿ. ತಿಂಗಳುಗಟ್ಟಲೆ ಸರದಿಯ ಮೇಲೆ ಅಡುಗೆ ಮಾಡಿ ಮಿರ್ದಿಫ್‌ಗೆ ತಂದುಕೊಟ್ಟವರು ಅಮ್ಮನ ಊರಿನವರು. ಇವನನ್ನು ಶಾಲೆಗೆ, ಆಟಕ್ಕೆ ಕಾರಿನಲ್ಲಿ ಬಿಟ್ಟವರು ಅಜ್ಜಿಯ ಊರಿನವರು. "ಅವರು ಯಾರೂ ನಮಗೆ ಇಲ್ಲ ಅಂತ ಹೇಳಿಲ್ಲ ಆಂಟಿ. ನಾನು ಹೇಗೆ ಹೇಳುದು?"

ಇದಕ್ಕೆ ನನ್ನಲ್ಲಿ ವ್ಯಾಯಾಮ ಇರಲಿಲ್ಲ. ಡಾಕ್ಟರ್ ಹಾತಿಂ ಅವರಿಗೆ ಹೇಳಿದರೆ, "ವಿಶ್ರಾಂತಿ ಎಂದು ಚೀಟಿ ಬರೆದು ಕೊಡು" ಎಂದರು. ಬರೆದೆ. ಆ ಚೀಟಿ ನೋಡಿ ಫ್ರೆಡ್ಡಿ, "ವಾಲಿಬಾಲಿಗೆ ರೆಸ್ಟ್ ಕೊಡುವ ಡಾಕ್ಟ್ರೇ, ಹಗ್ಗಕ್ಕೆ ಎಂತ? ಹಗ್ಗದಲ್ಲಿ ಅವ ಸುಮ್ಮನೆ ನಿಲ್ಲುದಲ್ವಾ?" ಎಂದು ಕೇಳಿದರು. ನಾನು ಹಣೆ ಚಚ್ಚಿಕೊಂಡೆ.

ಉಪಾಯ ಹೊಳೆದದ್ದು ಮನೆಯಲ್ಲಿ, ಕಪಾಟು ತೆಗೆದಾಗ. ಹಿಂದಿನ ವರ್ಷ ಒಂದು ಕನ್ನಡ ಸಂಘದವರು ನನ್ನನ್ನು ಮುಖ್ಯ ಅತಿಥಿಯಾಗಿ ಕರೆದು ಹೊದಿಸಿದ್ದ ಶಾಲು ಕೈಗೆ ಬಂತು. ಅವತ್ತು ಹೆಂಗಸರಿಗೆ ಲಿಂಬೆಹಣ್ಣು ಚಮಚದ ಓಟ ಇತ್ತು. ನನಗೆ ಅದೆಂದರೆ ಪ್ರಾಣ. ಎದ್ದು ಹೊರಟರೆ ಮೂರು ಜನ ಓಡಿ ಬಂದು, "ಛೆ ಛೆ ಮೇಡಂ, ನೀವು ಮುಖ್ಯ ಅತಿಥಿಗಳು!" ಎಂದು ಮತ್ತೆ ಕುರ್ಚಿಗೆ ಒತ್ತಿದ್ದರು. ನೀರು ಬೇಕೆಂದರೂ ಏಳಲು ಬಿಟ್ಟಿರಲಿಲ್ಲ. ಮೂರು ತಾಸು ಸ್ವಾಗತ, ಪ್ರಸ್ತಾವನೆ, ಹಾರ, ಭಾಷಣ, ವಂದನಾರ್ಪಣೆ. ಅಷ್ಟು ವಿಶ್ರಾಂತಿಯನ್ನು ಯಾವ ಡಾಕ್ಟರೂ ಬರೆದುಕೊಡಲಾರ.

ಮರುದಿನ ಫ್ರೆಡ್ಡಿಯ ಕುತ್ತಿಗೆಯನ್ನು ಯಂತ್ರಕ್ಕೆ ಕಟ್ಟಿ, ಅವರು ಎಲ್ಲಿಗೂ ಓಡಲಾರರು ಎಂದು ಖಾತ್ರಿ ಮಾಡಿಕೊಂಡು ಮಾತು ತೆಗೆದೆ.

"ಫ್ರೆಡ್ಡಿಯವರ, ನಿಮ್ಮ ಊರಿನ ಹುಡುಗ ಅಮೆರಿಕದವರ ಆಟದಾಗ ಮೊದಲನೇ ಪಿಚರ್ ಆಗಾಕತ್ತಾನ. ನೀವು ನೋಡಿದ್ರ ಅವನ್ನ ಹಗ್ಗ ಜಗ್ಗಾಕ ಹಚ್ಚೀರಿ. ಅವನ ಯೋಗ್ಯತಾಕ್ಕ ಒಂದು ಶಾಲು ಬ್ಯಾಡೇನ್ರಿ?"

ಫ್ರೆಡ್ಡಿ ಯೋಚನೆಗೆ ಬಿದ್ದರು. "ಚೀಫ್ ಗೆಸ್ಟ್ ಮಾಡುದಾ? ಇಷ್ಟು ಸಣ್ಣ ಪ್ರಾಯದವನನ್ನು?"

"ನೀವು ಮಾಡದಿದ್ರ ಅವರ ಅಮ್ಮನ ಊರಿನವರು ಮೊದಲ ಮಾಡ್ತಾರ, ನೋಡ್ರಿ."

ಅಷ್ಟು ಸಾಕಾಯಿತು. ಮುಂದಿನ ಶುಕ್ರವಾರವೇ ಫ್ರೆಡ್ಡಿಯವರ ಸಂಘದಲ್ಲಿ ಜೋಯೆಲ್ ಮುಖ್ಯ ಅತಿಥಿ. ಸುದ್ದಿ ಹಬ್ಬಿದ್ದೇ ಅಮ್ಮನ ಊರಿನವರು ಶಾಲಿನ ಜೊತೆ ಮೈಸೂರು ಪೇಟವನ್ನೂ ತರಿಸಿದರು. ಅಜ್ಜಿಯ ಊರಿನವರು ಪೇಟದ ಜೊತೆ ಹಣ್ಣಿನ ಬುಟ್ಟಿ ಕೊಟ್ಟರು. ಇವರಿಗಿಂತ ತಾವು ಕಡಿಮೆಯಾಗಬಾರದೆಂದು, ಜೋಯೆಲ್‌ಗೆ ಸಂಬಂಧವೇ ಇಲ್ಲದ ಊರಿನವರೂ ಕರೆದರು. ಆ ಚಳಿಗಾಲ ಪೂರ್ತಿ ಹುಡುಗ ಶುಕ್ರವಾರ ಬಂತೆಂದರೆ ಕೋಟು ಹಾಕಿಕೊಂಡು ವೇದಿಕೆಯ ಮೇಲೆ ಕೂತ. ನಾನು ವಾಲ್ಟರಿಗೆ ಫೋನ್ ಮಾಡಿ, "ಮೊದಲನೆಯ ಜಾಗ ಇವನಿಗೇ ಕೊಡಿ. ಮುಗಿಸುತ್ತಾನೆ" ಎಂದೆ. ಹೇಗೆ ಎಂದು ಅವರು ಕೇಳಿದರು. ಮುಖ್ಯ ಅತಿಥಿ ಎಂದರೇನೆಂದು ಅಮೆರಿಕದವರಿಗೆ ಇಂಗ್ಲಿಷಿನಲ್ಲಿ ತಿಳಿಸುವುದು ನನ್ನಿಂದಾಗಲಿಲ್ಲ. ಹೊಸ ಚಿಕಿತ್ಸೆ ಎಂದುಬಿಟ್ಟೆ.

ಒಂದೇ ಒಂದು ಸಲ ನನ್ನ ಎದೆ ಹಾರಿತು. ಒಂದು ವಾಲಿಬಾಲ್ ಕೂಟದಲ್ಲಿ ಮೈಕಿನವರು, "ಈಗ ನಮ್ಮ ಗೌರವಾನ್ವಿತ ಮುಖ್ಯ ಅತಿಥಿಗಳು ಮೊದಲ ಸರ್ವಿಸ್ ಮಾಡಿ ಪಂದ್ಯಾಟವನ್ನು ಉದ್ಘಾಟಿಸಲಿದ್ದಾರೆ" ಎಂದರು. ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತವಳು ಎದ್ದು ನಿಂತೆ. ಜೋಯೆಲ್ ನನ್ನ ಕಡೆ ನೋಡಿ, ಬಲಗೈಯನ್ನು ಕೋಟಿನ ಜೇಬಿಗೆ ಹಾಕಿ, ಎಡಗೈಯಿಂದ ಚೆಂಡು ಹೊಡೆದ. ಅದು ನೆಟ್‌ನ ಕೆಳಗಿಂದ ಹೋಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಯ ಸರ್ವಿಸ್ ಯಾವತ್ತೂ ಔಟಾಗುವುದಿಲ್ಲ.

"ಆಂಟಿ, ಸ್ಪೀಚ್ ಕೇಳಿ ಕೇಳಿ ಬೆನ್ನು ನೋವು ಶುರುವಾಗಿದೆ" ಎಂದು ಅವನು ಗೋಳಾಡುತ್ತಿದ್ದ. ಅದಕ್ಕೆ ವ್ಯಾಯಾಮ ಇತ್ತು, ಕೊಟ್ಟೆ.

ಮೊಣಕೈಗೆ ಬೇಕಾದದ್ದು ಸಿಕ್ಕಿತು. ಬಿಡುವು ಸಿಕ್ಕ ಮೇಲೆ ನನ್ನ ವ್ಯಾಯಾಮಗಳು ಕೆಲಸ ಮಾಡಿದವು. ವಾಲ್ಟರ್ ಕೈಯಲ್ಲಿ ಒಂದು ಟಿಕ್ ಟಿಕ್ ಯಂತ್ರ ಹಿಡಿದು ಎಸೆತ ಎಣಿಸುತ್ತಿದ್ದರು, ಹೆಚ್ಚಾಯಿತೆಂದರೆ ಅವನನ್ನು ಇಳಿಸಿ ಇನ್ನೊಬ್ಬನನ್ನು ನಿಲ್ಲಿಸುತ್ತಿದ್ದರು. ನಮ್ಮ ಕಾಲದಲ್ಲಿ ನೋವು ಬಂದ ಮೇಲೆ ಚಿಕಿತ್ಸೆ. ಈಗ ನೋವು ಬರುವ ಮೊದಲೇ ಎಣಿಸುತ್ತಾರೆ. ಹೊಸಬರೇ, ನಿಮ್ಮ ಕಾಲವೇ ಒಳ್ಳೆಯದು, ಒಪ್ಪಿಕೊಳ್ಳುತ್ತೇನೆ. ಆಟ ಮುಗಿದ ಮೇಲೆ ತಂಡದ ಬಸ್ಸಿನ ಏಸಿಯಲ್ಲಿ ಮೊಣಕೈ ತಣ್ಣಗಾಗದಿರಲಿ ಎಂದು ಜೋಯೆಲ್ ಸನ್ಮಾನದ ಶಾಲು ಸುತ್ತಿಕೊಳ್ಳುತ್ತಿದ್ದ. ಮನೆಯಲ್ಲಿ ರಾಶಿ ಬಿದ್ದಿದ್ದ ಪೇಟಗಳನ್ನು ತಂಡದವರಿಗೆ ಹಂಚಿದ. ಒಂದು ದಿನ ಹೋಗಿ ನೋಡಿದರೆ ಕೊರಿಯಾ, ಜಪಾನ್, ಅಮೆರಿಕದ ಆಟಗಾರರೆಲ್ಲ ಬೆಂಚಿನ ಮೇಲೆ ಮೈಸೂರು ಪೇಟ ತೊಟ್ಟು ಸೂರ್ಯಕಾಂತಿ ಬೀಜ ತಿನ್ನುತ್ತ ಕೂತಿದ್ದರು. ನಾನು ನಗು ತಡೆಯಲಾರದೆ ಕಾರಿನ ಹಿಂದೆ ಹೋಗಿ ನಿಂತೆ.

ತಂಡ ಫೈನಲ್ ಮುಟ್ಟಿತು. ಅಬುಧಾಬಿಯಲ್ಲಿ, ಶುಕ್ರವಾರ ಸಂಜೆ.

ಆ ಶುಕ್ರವಾರ ಎಲ್ಲ ಸಂಘಗಳೂ ತಮ್ಮ ಆಟ ಮುಂದಕ್ಕೆ ಹಾಕಿದವು. ತಾವು ಶಾಲು ಹೊದಿಸಿದ ಹುಡುಗ, ಬಿಡಲು ಬರುತ್ತದೆಯೇ? ಬಸ್ಸು ಮಾಡಿಕೊಂಡು, ಬ್ಯಾಂಡು ಕಟ್ಟಿಕೊಂಡು ಬಂದರು. ಅಲ್ಲೇ ಅಬುಧಾಬಿಯ ಖಾಲಿದಿಯಾದಲ್ಲಿದ್ದ ಫ್ರೆಡ್ಡಿಯ ತಮ್ಮ ಕೋಳಿ ಸುಕ್ಕ, ಇಡ್ಲಿಗಳನ್ನು ಪಾತ್ರೆಗಟ್ಟಲೆ ತಂದ. ಆಟದ ನಿಯಮ ಒಬ್ಬರಿಗೂ ಗೊತ್ತಿಲ್ಲ. ಚೆಂಡು ಮೇಲೆ ಹೋದರೆ ಬ್ಯಾಂಡು, ಕೆಳಗೆ ಬಂದರೂ ಬ್ಯಾಂಡು. ಎದುರಾಳಿ ಜೋರಾಗಿ ಹೊಡೆದಾಗ ಸಿಕ್ಸರ್ ಎಂದು ಕೂಗಿ, ಯಾರೋ ತಿವಿದ ಮೇಲೆ ಸುಮ್ಮನಾದರು. ಐರಿನ್ ಮಾತ್ರ ಜಪಸರ ಹಿಡಿದು ಮಗನ ಮೊಣಕೈಯನ್ನೇ ನೋಡುತ್ತಿದ್ದರು.

ಜೋಯೆಲ್ ದಿಬ್ಬದ ಮೇಲೆ ನಿಂತ. ಏನು ಚಂದ ಎಸೆದ! ಬ್ಯಾಟ್ ಹಿಡಿದವರು ಗಾಳಿಗೆ ಬೀಸಿ ಬೀಸಿ ಹಿಂದಿರುಗಿದರು. ಆಟ ಏಳು ಸುತ್ತಿನದು. ಆರನೆಯದು ಮುಗಿದಾಗ ನಮ್ಮವರು ಒಂದು ಓಟ ಮುಂದಿದ್ದರು. ಕೊನೆಯ ಸುತ್ತಿನಲ್ಲಿ ಎದುರಿನವರ ಮೂರು ಜನರನ್ನು ಔಟ್ ಮಾಡಿದರೆ ಗೆದ್ದ ಹಾಗೆ. ಜೋಯೆಲ್ ಮೊದಲನೆಯವನನ್ನು ಕಳಿಸಿದ. ಎರಡನೆಯವನಿಗೆ ಎಸೆದದ್ದು ಗುರಿ ತಪ್ಪಿತು. ಮತ್ತೊಂದು ತಪ್ಪಿತು. ಅವನು ಮೊಣಕೈಯನ್ನು ಒಮ್ಮೆ ಮಡಿಸಿ ಬಿಡಿಸಿದ. ವಾಲ್ಟರ್ ಕೈಯ ಯಂತ್ರ ನೋಡಿಕೊಂಡರು, ಆದರೆ ಕೂತಲ್ಲಿಂದ ಏಳಲಿಲ್ಲ. ಅವರಿಗೂ ಗೆಲ್ಲುವ ಆಸೆ.

ಜೋಯೆಲ್ ಕೈ ಎತ್ತಿ ಆಟ ನಿಲ್ಲಿಸಿದ. ವಾಲ್ಟರನ್ನು ಕರೆದ. ಚೆಂಡನ್ನು ಅವರ ಕೈಯಲ್ಲಿಟ್ಟು, "ಖಲಾಸ್, ಕೋಚ್" ಎಂದ. ಅಷ್ಟು ದೂರದಿಂದಲೂ ನನಗೆ ಕೇಳಿಸಿತು, ಏಕೆಂದರೆ ಬ್ಯಾಂಡು ನಿಂತುಹೋಗಿತ್ತು.

ಜನರಿಗೆ ತಡೆಯಲಾಗಲಿಲ್ಲ. "ಇನ್ನು ಎರಡು ಜನ ಮಾರಾಯ!" "ಜೋಯೆಲ್, ಹಾಕು ಮಗಾ!" ಎಂದು ಎಲ್ಲ ಊರಿನವರೂ ಒಟ್ಟಿಗೆ ಕೂಗಿದರು. ಫ್ರೆಡ್ಡಿ ನನ್ನ ಕಡೆ ತಿರುಗಿ, "ಡಾಕ್ಟ್ರೇ, ನೀವಾದ್ರೂ ಹೇಳಿ!" ಎಂದರು. ಆರು ತಿಂಗಳು ಆ ಮೊಣಕೈ ಕಾದವಳು ನಾನು. ಅಂಥವಳು ಎದ್ದು ನಿಂತು ಎಲ್ಲರಿಗಿಂತ ಜೋರಾಗಿ, "ಇನ್ನೊಂದು ಓವರ್ ಹಾಕೋ!" ಎಂದು ಕೂಗಿಬಿಟ್ಟಿದ್ದೆ. ಜೋಯೆಲ್ ನಮ್ಮ ಕಡೆ ನೋಡಿ ನಕ್ಕು, ಇಲ್ಲ ಎಂದು ತಲೆಯಾಡಿಸಿ, ಹೋಗಿ ಬೆಂಚಿನ ಮೇಲೆ ಕೂತು ಶಾಲು ಸುತ್ತಿಕೊಂಡ.

ಬಂದ ಇನ್ನೊಬ್ಬ ಹುಡುಗ ಕೈಲಾದಷ್ಟು ಮಾಡಿದ. ಎದುರಿನವರು ಎರಡು ಓಟ ತೆಗೆದರು, ನಮ್ಮವರು ಕೊನೆಯ ಸರದಿಯಲ್ಲಿ ಒಂದನ್ನೂ ತೆಗೆಯಲಿಲ್ಲ. ಒಂದೇ ಒಂದು ಓಟಕ್ಕೆ ಸೋತೆವು.

ಬ್ಯಾಂಡಿನವನು ಡೋಲಿನ ಪಟ್ಟಿ ಬಿಚ್ಚಿದ. ನಾನು ಕೆಳಗೆ ಹೋಗಿ ಜೋಯೆಲ್‌ನ ಮೊಣಕೈ ಮುಟ್ಟಿ, ಮಡಿಸಿ, ಬಿಡಿಸಿ ನೋಡಿದೆ. ದಣಿದಿತ್ತು, ಬೇರೇನೂ ಇಲ್ಲ. ಊತವೂ ಇಲ್ಲ, ನೋವೂ ಇಲ್ಲ. ಸೀಸನ್ ಮುಗಿದ ದಿನ ಅವನ ಮೈಮೇಲೆ ಬ್ಯಾಂಡೇಜ್ ಇಲ್ಲದ್ದು ಅದೇ ಮೊದಲು. ವಾಲ್ಟರ್ ಬಾಯಲ್ಲಿದ್ದ ಸಿಪ್ಪೆ ಉಗುಳಿ, "ಮುಂದಿನ ಸೀಸನ್ನಿಗೆ ನಿಮ್ಮನ್ನು ಕೇಳುವುದಿಲ್ಲ. ಅವನನ್ನೇ ಕೇಳುತ್ತೇನೆ" ಎಂದರು.

ಅಷ್ಟರಲ್ಲಿ ಫ್ರೆಡ್ಡಿ ಇಳಿದು ಬಂದರು. ಸೋಲಿನ ಮಾತು ಎತ್ತಲು ಅವರಿಗೂ ಮನಸ್ಸಿರಲಿಲ್ಲ, ಹಾಗಾಗಿ ತಮಗೆ ಗೊತ್ತಿದ್ದ ಮಾತನ್ನೇ ಆಡಿದರು. "ಹೇಗೂ ನಿನ್ನ ಆಟ ಮುಗೀತಲ್ಲ ಜೋಯೆಲ್. ಬರುವ ಶುಕ್ರವಾರ ನಮ್ಮ ಹಗ್ಗದ ಫೈನಲ್ ಉಂಟು. ಒಂದು ಜನ ಕಡಿಮೆ."

ಜೋಯೆಲ್‌ನ ಮುಖ ಕೆಂಪಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ.

"ಇಲ್ಲ ಅಂಕಲ್. ನಾನು ಬರುದಿಲ್ಲ. ನೋಡ್ಲಿಕ್ಕೆ ಬರ್ತೇನೆ. ಆಡ್ಲಿಕ್ಕೆ ಇಲ್ಲ."

ಫ್ರೆಡ್ಡಿ ಅವನನ್ನೇ ನೋಡುತ್ತ ನಿಂತರು. ಆಮೇಲೆ ಫ್ರೆಡ್ಡಿ ಬಗ್ಗಿ, ನೆಲದ ಮೇಲಿದ್ದ ಅವನ ಆಟದ ಚೀಲವನ್ನು ಎತ್ತಿ ತಮ್ಮ ಹೆಗಲಿಗೆ ಹಾಕಿಕೊಂಡರು. ಬ್ಯಾಟು, ಬೂಟು, ಚೆಂಡು ಎಲ್ಲ ತುಂಬಿದ, ಮೂಟೆಯಂಥ ಚೀಲ.

"ಫ್ರೆಡ್ಡಿಯವರ, ಕುತ್ತಿಗಿ!" ಎಂದು ನಾನು ಚೀರಿದೆ.

"ನೀವು ಸುಮ್ನಿರಿ ಡಾಕ್ಟ್ರೇ. ಬಾ ಜೋಯೆಲ್, ಊಟ ತಣ್ಣಗಾಗ್ತದೆ. ಕೈ ಶಾಲಿನ ಒಳಗೆ ಇಟ್ಟುಕೋ" ಎಂದು ಬಸ್ಸಿನ ಕಡೆ ನಡೆದರು.

ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆದಾಗ ಅವರೇ ನನ್ನ ಮೊದಲ ಪೇಶಂಟ್. ಕುತ್ತಿಗೆ ಒಂದು ಕಡೆಗೆ ಹಿಡಿದುಕೊಂಡಿತ್ತು. ಶುಕ್ರವಾರ ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ.